ತಿರುಗಿ ನೋಡುವ ಕಣ್ಣು, ಮುಟ್ಟುವ ಕೈ

ಧ್ಯಾನಕ್ಕೆ ಆಧಾರ: ಯಾಜಕಕಾಂಡ 13ನೆಯ ಅಧ್ಯಾಯ, ಮಾರ್ಕ 1ನೆಯ ಅಧ್ಯಾಯ, 40ರಿಂದ 45ನೆಯ ವಚನಗಳು.



ಸತ್ಯವೇದವನ್ನು ಕ್ರಮವಾಗಿ ಓದುವವರಲ್ಲಿ ಅನೇಕರು ಯಾಜಕಕಾಂಡದ ಹದಿಮೂರನೆಯ ಅಧ್ಯಾಯಕ್ಕೆ ಬಂದಾಗ ಬೇಸತ್ತು ಹಾಳೆ ಮಗುಚುವದುಂಟು. ಬಾವು, ಕಲೆ, ಮಚ್ಚೆ, ರೋಮದ ಬಣ್ಣ, ಬಟ್ಟೆಗೆ ಹಿಡಿದ ಬೂಷ್ಟು, ಇವುಗಳಿಂದ ನಮ್ಮ ಆತ್ಮಕ್ಕೇನು ಪ್ರಯೋಜನವೆಂದು ಅವರಿಗೆ ತೋರುತ್ತದೆ. ಆದರೆ ದೇವರ ವಾಕ್ಯದಲ್ಲಿ ವ್ಯರ್ಥವಾದ ಅಧ್ಯಾಯವು ಒಂದೂ ಇಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಸಭೆಗಳು ಇಂದು ಕಲಿಯತಕ್ಕ ಒಂದು ದೊಡ್ಡ ಪಾಠವು ಆ ಅಧ್ಯಾಯದಲ್ಲಿಯೇ ಅಡಗಿರುತ್ತದೆ.

ಅಲ್ಲಿ ಹೇಳಿರುವದನ್ನು ಸಂಕ್ಷೇಪವಾಗಿ ನೋಡೋಣ. ಒಬ್ಬನ ಮೈಮೇಲೆ ಮಚ್ಚೆ ಕಾಣಿಸಿಕೊಂಡರೆ ಅವನನ್ನು ಯಾಜಕನ ಬಳಿಗೆ ಕರತರಬೇಕು. ರೋಮವು ಬೆಳ್ಳಗಾಗಿದೆಯೋ, ಮಚ್ಚೆಯು ಚರ್ಮಕ್ಕಿಂತ ಆಳವಾಗಿ ಇಳಿದಿದೆಯೋ ಎಂದು ಯಾಜಕನು ಪರೀಕ್ಷಿಸಬೇಕು. ಗುರುತುಗಳು ಸ್ಪಷ್ಟವಾಗಿಲ್ಲದಿದ್ದರೆ ಅವನು ತೀರ್ಪು ಹೇಳಕೂಡದು. ಏಳು ದಿನ ತಡೆದು ತಿರುಗಿ ನೋಡಬೇಕು. ಆಗಲೂ ಸಂದೇಹ ಉಳಿದರೆ ಇನ್ನೂ ಏಳು ದಿನ ತಡೆದು ಮತ್ತೊಮ್ಮೆ ನೋಡಬೇಕು. ಮಚ್ಚೆಯು ಹರಡದೆ ಮಬ್ಬಾಗಿದ್ದರೆ ಆ ಮನುಷ್ಯನು ಶುದ್ಧನು. ಬರಿಯ ಮಬ್ಬು ಬಿಳುಪಿನ ಮಚ್ಚೆಗಳಿರುವ ಗಂಡಸಾಗಲಿ ಹೆಂಗಸಾಗಲಿ ಅಶುದ್ಧರಲ್ಲವೆಂದು 38 ಮತ್ತು 39ನೆಯ ವಚನಗಳಿಂದ ತಿಳಿದುಬರುತ್ತದೆ. ಸೂಕ್ಷ್ಮದರ್ಶಕವಾಗಲಿ ರಕ್ತಪರೀಕ್ಷೆಯಾಗಲಿ ಇಲ್ಲದ ಆ ಪೂರ್ವಕಾಲದಲ್ಲಿಯೂ ಎಲ್ಲ ಮಚ್ಚೆಗಳು ಒಂದೇ ಅಲ್ಲವೆಂದು ಧರ್ಮಶಾಸ್ತ್ರವು ಕಲಿಸಿತು. ನೋಡುವವನ ಕಣ್ಣಿಗೆ ತಾಳ್ಮೆಯನ್ನು ವಿಧಿಸಿತು.

ಇನ್ನು ಮಾರ್ಕನ ಸುವಾರ್ತೆಗೆ ಬನ್ನಿರಿ. ಒಬ್ಬ ಕುಷ್ಠರೋಗಿಯು ಯೇಸುಸ್ವಾಮಿಯ ಮುಂದೆ ಮೊಣಕಾಲೂರಿ ಬೇಡಿಕೊಂಡನು. ಕರ್ತನು ಕನಿಕರಪಟ್ಟು, ಕೈ ಚಾಚಿ ಅವನನ್ನು ಮುಟ್ಟಿದನು. ಅವನು ಗುಣಹೊಂದಿದ ತರುವಾಯ, ಹೋಗಿ ಯಾಜಕನಿಗೆ ಮೈ ತೋರಿಸಿಕೊಳ್ಳಬೇಕೆಂದು ಕರ್ತನು ಅಪ್ಪಣೆಕೊಟ್ಟನು. ಇಲ್ಲಿ ಎರಡು ಸಂಗತಿಗಳು ಒಟ್ಟಾಗಿರುವದನ್ನು ಗಮನಿಸಿರಿ. ಆತನು ಮುಟ್ಟಿದನು, ಪರೀಕ್ಷೆಗೂ ಕಳುಹಿಸಿದನು. ಪ್ರೀತಿಯಿದೆಯೆಂದು ಪರೀಕ್ಷೆಯನ್ನು ಬಿಡಲಿಲ್ಲ. ಪರೀಕ್ಷೆಯಾಗುವ ವರೆಗೆ ಮುಟ್ಟದೆ ದೂರ ನಿಲ್ಲಲೂ ಇಲ್ಲ.

ಈ ಎರಡು ವೇದಭಾಗಗಳ ಬೆಳಕಿನಲ್ಲಿ ನಾವು ಈ ತಿಂಗಳು ಒಂದು ವಿರಳವಾದ ರೋಗವನ್ನು ಕುರಿತು ಆಲೋಚಿಸೋಣ. ವೈದ್ಯರು ಅದನ್ನು ಚರ್ಮದ ಲಿಂಫೋಮಾ ಎಂದು ಕರೆಯುತ್ತಾರೆ. ಅದು ಕ್ಯಾನ್ಸರಿನ ಒಂದು ಜಾತಿ. ನಮ್ಮ ಹಳ್ಳಿಗಳಲ್ಲಿ ಈ ರೋಗವು ಎರಡು ಸಾರಿ ತಪ್ಪು ಹೆಸರನ್ನು ಪಡೆಯುವ ಭಯವಿರುತ್ತದೆ. ಮೊದಲು ಅದು ಮಚ್ಚೆಯಾಗಿ ತೋರುವಾಗ ಜನರು ಕುಷ್ಠವೆನ್ನುತ್ತಾರೆ. ಕಡೆಯಲ್ಲಿ ಅಪರೂಪವಾಗಿ ಅದು ಮಿದುಳಿಗೆ ಏರಿದಾಗ ದೆವ್ವದ ಕಾಟವೆನ್ನುತ್ತಾರೆ. ಮೊದಲನೆಯ ಹೆಸರು ಮನುಷ್ಯನನ್ನು ಪಂಕ್ತಿಯಿಂದ ಹೊರಗೆ ಹಾಕುತ್ತದೆ. ಎರಡನೆಯದು ಅವನನ್ನು ಮನುಷ್ಯರ ಲೆಕ್ಕದಿಂದಲೇ ಹೊರಗೆ ಹಾಕುತ್ತದೆ. ರೋಗವು ಮಾಡದ ಕೇಡನ್ನು ಹೆಸರು ಮಾಡುತ್ತದೆ.

ಬೋಧನೆಗಾಗಿ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಭೀಮಾತೀರದ ಒಂದು ಊರು. ಹೊಲದಲ್ಲಿ ದುಡಿದು ಉಣ್ಣುವ, ಐವತ್ತು ದಾಟಿದ ಒಬ್ಬ ತಂದೆ. ಸಭೆಯ ಹಿರಿಯರಲ್ಲಿ ಒಬ್ಬನು. ಮದುವೆಗೆ ಬಂದ ಮಗಳುಳ್ಳವನು. ಧೋತರದ ಮರೆಯಲ್ಲಿ, ಸೊಂಟದ ಮೇಲೆಯೂ ತೊಡೆಯ ಮೇಲೆಯೂ ಮಾಸಲು ಬಣ್ಣದ ಮಚ್ಚೆಗಳು ಎದ್ದಿವೆ. ತುರಿಕೆಯುಂಟು. ಅಂಗಡಿಯಿಂದ ಮುಲಾಮು ತಂದು ಹಚ್ಚುತ್ತಾನೆ. ಎರಡು ವಾರ ಅಡಗಿ ಮತ್ತೆ ಏಳುತ್ತವೆ. ಹೊಳೆಯಲ್ಲಿ ಸ್ನಾನಮಾಡುವಾಗ ಯಾರೋ ನೋಡುತ್ತಾರೆ. ದೊಡ್ಡ ರೋಗವೆಂಬ ಪಿಸುಮಾತು ಓಣಿಯಿಂದ ಓಣಿಗೆ ಹೋಗುತ್ತದೆ. ಮಗಳನ್ನು ನೋಡಲು ಬರುತ್ತೇವೆಂದವರು ಬರುವದಿಲ್ಲ. ಕರ್ತನ ಭೋಜನದ ದಿನದಲ್ಲಿ ಪಾತ್ರೆಯು ಅವನ ಬಳಿಗೆ ಬರುವಾಗ ಪಕ್ಕದವನು ಸರಿದು ಕೂಡುತ್ತಾನೆ. ಮುಂದಿನ ತಿಂಗಳಿಂದ ಅವನೇ ಬಾಗಿಲ ಹೊರಗೆ ಕೂತು ಪ್ರಸಂಗವನ್ನು ಕೇಳುತ್ತಾನೆ. ಯಾರೂ ಅವನಿಗೆ ಹೊರಗೆ ಹೋಗೆಂದು ಹೇಳಲಿಲ್ಲ. ಆದರೆ ಒಳಗೆ ಬಾ ಎಂದೂ ಯಾರೂ ಹೇಳಲಿಲ್ಲ. ಪ್ರಿಯರೇ, ಇಂಥ ಮನುಷ್ಯನಿಗೆ ನಾವು ಏನಾಗತಕ್ಕದ್ದು?

ಒಂದನೆಯದಾಗಿ, ತಿರುಗಿ ನೋಡಬೇಕು.

ಹೆಸರು ಮನುಷ್ಯನನ್ನು ಎಷ್ಟು ಸುಲಭವಾಗಿ ಮೋಸಗೊಳಿಸುತ್ತದೆಂಬದಕ್ಕೆ ಈ ರೋಗವೇ ಸಾಕ್ಷಿ. ಚರ್ಮದ ಲಿಂಫೋಮಾಗಳಲ್ಲಿ ಹೆಚ್ಚಾಗಿ ಕಾಣುವದಕ್ಕೆ ಮೈಕೋಸಿಸ್ ಫಂಗಾಯ್ಡಿಸ್ ಎಂದು ಹೆಸರು. 1806ರಲ್ಲಿ ಪಾರಿಸ್ ಪಟ್ಟಣದ ಅಲಿಬೇರ್ ಎಂಬ ವೈದ್ಯನು ಇದನ್ನು ವರ್ಣಿಸಿದನು. ರೋಗಿಯ ಮೈಮೇಲಿನ ಗಡ್ಡೆಗಳು ಅವನ ಕಣ್ಣಿಗೆ ಅಣಬೆಗಳಂತೆ ತೋರಿದ್ದರಿಂದ ಮುಂದೆ ಅಣಬೆಯ ಹೆಸರೇ ರೋಗಕ್ಕೆ ನಿಂತಿತು. ಅಣಬೆಗೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲವೆಂದು ತಿಳಿದು ಬಹುಕಾಲವಾಯಿತು. ಆದರೂ ಇನ್ನೂರು ವರ್ಷ ಕಳೆದರೂ ಹೆಸರು ಬಿಟ್ಟುಹೋಗಿಲ್ಲ. ಪಂಡಿತರು ಇಟ್ಟ ತಪ್ಪು ಹೆಸರೇ ಇಷ್ಟು ಗಟ್ಟಿಯಾಗಿ ಅಂಟಿಕೊಳ್ಳುವದಾದರೆ, ಊರವರು ಒಬ್ಬನ ಮೇಲೆ ಹೊರಿಸಿದ ಹೆಸರು ಎಷ್ಟು ಕಾಲ ಉಳಿಯುವದೆಂಬದನ್ನು ಆಲೋಚಿಸಿರಿ.

ಈ ರೋಗದ ಸ್ವರೂಪವೇನು? ದೇವರು ನಮ್ಮ ರಕ್ತದಲ್ಲಿ ಬಿಳಿಯ ಕಣಗಳನ್ನು ಕಾವಲುಗಾರರಂತೆ ಇಟ್ಟಿದ್ದಾನೆ. ಅವುಗಳಲ್ಲಿ ಟಿ ಲಿಂಫೋಸೈಟ್ ಎಂಬ ಒಂದು ಪಂಗಡವು ಚರ್ಮದಲ್ಲಿ ಸುತ್ತಾಡುತ್ತಾ ರೋಗಾಣುಗಳನ್ನು ತಡೆಯುತ್ತದೆ. ಈ ಕಾವಲುಗಾರರಲ್ಲಿಯೇ ಕೆಲವರು ಅಂಕೆ ತಪ್ಪಿ, ಸಾಯಬೇಕಾದ ಕಾಲದಲ್ಲಿ ಸಾಯದೆ, ಚರ್ಮದಲ್ಲಿಯೇ ಹೆಚ್ಚುತ್ತಾ ಹೋಗುವದೇ ಈ ರೋಗ. ಇದು ಬಹು ವಿರಳ; ಪಶ್ಚಿಮ ದೇಶಗಳ ಎಣಿಕೆಯಂತೆ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 6 ಮಂದಿಗೆ ಮಾತ್ರ ಹೊಸದಾಗಿ ಬರುತ್ತದೆ. ಹೆಚ್ಚಾಗಿ ಐವತ್ತು ದಾಟಿದವರಲ್ಲಿ ಕಾಣುತ್ತದೆ. ಆದರೆ ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಇದು ಕೆಂಪಗೆ ತೋರದೆ ಬಣ್ಣ ಕಳೆದುಕೊಂಡ ಮಚ್ಚೆಯಾಗಿ ತೋರುವದುಂಟು. ಆ ಬಗೆಯು ಎಳೆಯ ಪ್ರಾಯದವರಲ್ಲಿಯೂ ಬರುತ್ತದೆ. ಆದ್ದರಿಂದಲೇ ನಮ್ಮಲ್ಲಿ ಇದನ್ನು ಕುಷ್ಠವೆಂದೂ ತೊನ್ನೆಂದೂ ಹುಳುಕಡ್ಡಿಯೆಂದೂ ತಿಳಿಯುವದು ಸುಲಭ.

ಗುರುತುಗಳಲ್ಲಿ ಭೇದವುಂಟು. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನವು ಕುಂದಿರುತ್ತದೆ. ಯಾಕಂದರೆ ಅದರ ರೋಗಾಣುವು ಕೈಕಾಲುಗಳ ನರಗಳನ್ನು ಕೆಡಿಸುತ್ತದೆ. ತೊನ್ನಿನ ಮಚ್ಚೆಯು ಸುಣ್ಣದಂತೆ ಬೆಳ್ಳಗಿರುತ್ತದೆ. ಲಿಂಫೋಮಾದ ಮಚ್ಚೆಯಲ್ಲಿ ಸ್ಪರ್ಶವು ಉಳಿದಿದ್ದು ಅನೇಕವೇಳೆ ತುರಿಕೆಯಿರುತ್ತದೆ; ಸೊಂಟ, ಪೃಷ್ಠ, ತೊಡೆ ಮುಂತಾದ ಬಿಸಿಲು ಬೀಳದ ಸ್ಥಳಗಳಲ್ಲಿ ಅದು ಹೆಚ್ಚಾಗಿ ಏಳುತ್ತದೆ. ಆದರೆ ಈ ಗುರುತುಗಳನ್ನು ಓದಿದವನು ತಾನೇ ವೈದ್ಯನಾದೆನೆಂದು ನೆನಸಬಾರದು. ಅನುಭವಿಗಳಾದ ವೈದ್ಯರ ಕಣ್ಣನ್ನು ಸಹ ಈ ರೋಗವು ವರ್ಷಗಟ್ಟಲೆ ತಪ್ಪಿಸಿಕೊಳ್ಳುತ್ತದೆ.

ಹಾಗಾದರೆ ನಿಜವನ್ನು ತಿಳಿಯುವದು ಹೇಗೆ? ತೊಗರಿ ಬೆಳೆಯುವ ನಮ್ಮ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಲದಲ್ಲಿ ಒಂದು ಗಿಡ ಬಾಡಿದರೆ ನೀವು ಕೂಡಲೇ ಹೊಲಕ್ಕೆಲ್ಲ ಬೆಂಕಿಯಿಡುತ್ತೀರೋ? ಇಲ್ಲ. ನೀರು ಸಾಲದೆ ಬಾಡಿತೋ, ನೆಟೆರೋಗ ಬಡಿಯಿತೋ ಎಂದು ತಿಳಿಯುವದಕ್ಕೆ ಒಂದು ಗಿಡವನ್ನು ಕಿತ್ತು ಕಾಂಡವನ್ನು ಸೀಳಿ ನೋಡುತ್ತೀರಿ. ಒಳಗೆ ಕಪ್ಪು ಗೆರೆ ಕಂಡರೆ ನೆಟೆಯೆಂದು ತಿಳಿಯುತ್ತೀರಿ. ವೈದ್ಯರು ಮಾಡುವದೂ ಇದನ್ನೇ. ಮಚ್ಚೆಯ ಬಳಿ ಸೂಜಿಯಿಂದ ಮರಗಟ್ಟಿಸಿ, ತೊಗರಿಕಾಳಿನಷ್ಟು ಚರ್ಮವನ್ನು ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸುತ್ತಾರೆ. ಇದಕ್ಕೆ ಬಯಾಪ್ಸಿ ಎಂದು ಹೆಸರು. ಬಯಾಪ್ಸಿ ಮಾಡಿದರೆ ರೋಗ ಕೆರಳಿ ಹರಡುವದೆಂಬ ಮಾತು ನಮ್ಮ ಊರುಗಳಲ್ಲಿ ಕೇಳಬರುತ್ತದೆ. ಚರ್ಮದ ಈ ಪರೀಕ್ಷೆಯ ವಿಷಯದಲ್ಲಿ ಅದು ನಿರಾಧಾರವಾದ ಭಯ. ಆದರೆ ಒಂದೇ ಸಾರಿಗೆ ಉತ್ತರ ಸಿಕ್ಕದೆ ಹೋಗಬಹುದು. ಆಗ ಕೆಲವು ತಿಂಗಳು ತಡೆದು ತಿರುಗಿ ತೆಗೆಯುತ್ತಾರೆ, ಬೇಕಾದರೆ ಮೂರನೆಯ ಸಾರಿಯೂ ತೆಗೆಯುತ್ತಾರೆ. ಏಳು ದಿನ ತಡೆದು ಮತ್ತೆ ಏಳು ದಿನ ತಡೆದು ನೋಡಿದ ಯಾಜಕನನ್ನು ಇಲ್ಲಿ ನೆನಪುಮಾಡಿಕೊಳ್ಳಿರಿ. ತಿರುಗಿ ಬರಬೇಕೆಂದು ಹೇಳುವ ವೈದ್ಯನು ತಿಳಿಯದವನಲ್ಲ. ತ್ವರೆಪಟ್ಟು ತೀರ್ಪುಮಾಡದ ವಿವೇಕಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಕ್ಕುವ ತುರಿಕೆಯ ಮುಲಾಮುಗಳಲ್ಲಿ ಅನೇಕವು ಸ್ಟೀರಾಯ್ಡ್ ಬೆರೆತವುಗಳು. ಅವು ಮಚ್ಚೆಯನ್ನು ಕೆಲಕಾಲ ಮರೆಮಾಡುತ್ತವೆ. ಬೇರು ಹಾಗೆಯೇ ಉಳಿಯುತ್ತದೆ. ವೈದ್ಯನ ಅಪ್ಪಣೆಯಿಂದ ಹಚ್ಚಿದರೆ ಅದೇ ಮದ್ದು ಉಪಕಾರಿ. ಅಪ್ಪಣೆಯಿಲ್ಲದೆ ಹಚ್ಚಿದರೆ ಅದು ನೋಡುವ ಕಣ್ಣಿಗೆ ಹಾಕಿದ ಪರದೆ. ಮೂರು ತಿಂಗಳಾದರೂ ವಾಸಿಯಾಗದ ಮಚ್ಚೆಯಿದ್ದರೆ ಆಳಂದ, ಅಫಜಲಪುರ, ಜೇವರ್ಗಿಗಳ ತಾಲೂಕು ಆಸ್ಪತ್ರೆಗಳಿಗೆ ಹೋಗಿ ತೋರಿಸಿರಿ. ಅಲ್ಲಿಂದ ಚೀಟಿ ಪಡೆದು ಕಲಬುರಗಿಯ ಸರಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋಗಿರಿ. ಕ್ಯಾನ್ಸರೆಂದು ತಿಳಿದುಬಂದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆಯು ಕಲಬುರಗಿಯಲ್ಲಿಯೇ ಇದೆ. 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆಯ ಸಹಾಯವುಂಟು. ಪಡಿತರ ಚೀಟಿಯನ್ನೂ ಆಧಾರ್ ಚೀಟಿಯನ್ನೂ ಮರೆಯದೆ ತೆಗೆದುಕೊಂಡು ಹೋಗತಕ್ಕದ್ದು.

ತಿರುಗಿ ನೋಡಿದವನಿಗೆ ಒಂದು ಶುಭವರ್ತಮಾನವೂ ಕಾದಿದೆ. ಮಚ್ಚೆಗಳು ಮೈಯ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಇರುವಾಗಲೇ ಈ ರೋಗವನ್ನು ಕಂಡುಹಿಡಿದರೆ, ಅಂಥ ರೋಗಿಗಳ ಆಯುಸ್ಸು ಬೇರೆಯವರ ಆಯುಸ್ಸಿಗಿಂತ ಕಡಿಮೆಯಾಗುವದಿಲ್ಲವೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಆಗ ಬೇಕಾಗುವ ಚಿಕಿತ್ಸೆಯು ಸರಳವಾದದ್ದು: ಹಚ್ಚುವ ಮುಲಾಮು, ಯಂತ್ರದಿಂದ ಬೀಳಿಸುವ ಒಂದು ಬಗೆಯ ಬೆಳಕು, ಕಾಲಕಾಲಕ್ಕೆ ಪರೀಕ್ಷೆ. ಸಿರಿಯದ ಸೇನಾಪತಿ ನಾಮಾನನು ದೊಡ್ಡ ಆಡಂಬರವನ್ನು ನಿರೀಕ್ಷಿಸಿ, ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಮುಳುಗೆಂಬ ಸರಳವಾದ ಮಾತಿಗೆ ಸಿಟ್ಟಾದನು. ನಾವು ಅವನಂತಾಗಬಾರದು. ಬೆಳಕಿನ ಚಿಕಿತ್ಸೆಗೆ ವಾರಕ್ಕೆ ಎರಡು ಮೂರು ಸಾರಿ, ಅನೇಕ ತಿಂಗಳು ಹೋಗಬೇಕಾಗುತ್ತದೆ. ನಾಮಾನನು ಆರನೆಯ ಸಾರಿಗೆ ಮೇಲೆದ್ದು ಹೋಗಿದ್ದರೆ ಏನಾಗುತ್ತಿತ್ತು?

ಎರಡನೆಯದಾಗಿ, ಮುಟ್ಟಬೇಕು.

ಚರ್ಮದ ಲಿಂಫೋಮಾ ಒಬ್ಬರಿಂದ ಒಬ್ಬರಿಗೆ ಅಂಟುವದೇ ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಕೌದಿಯಲ್ಲಿ ಮಲಗಿದರೂ, ಮೊಮ್ಮಗುವನ್ನು ಎತ್ತಿಕೊಂಡು ಮುದ್ದಿಟ್ಟರೂ ಅಂಟುವದಿಲ್ಲ. ಕರ್ತನ ಭೋಜನದ ಪಾತ್ರೆಯಿಂದಲೂ ಅಂಟುವದಿಲ್ಲ. ಇದನ್ನು ಸಭೆಯ ಮುಂದೆ ಸ್ಪಷ್ಟವಾಗಿ ಹೇಳತಕ್ಕದ್ದು.

ಆದರೆ ನಾವು ಇಲ್ಲಿಗೇ ನಿಂತರೆ ಅರ್ಧ ಸುವಾರ್ತೆಯನ್ನು ಮಾತ್ರ ಸಾರಿದಂತಾಗುವದು. ಇವನಿಗೆ ಕುಷ್ಠವಲ್ಲ, ಆದ್ದರಿಂದ ಒಳಗೆ ಬರಲಿ ಎನ್ನುವದಾದರೆ, ನಿಜವಾಗಿ ಕುಷ್ಠವಿರುವವನು ಎಲ್ಲಿಗೆ ಹೋಗಬೇಕು? ಕರ್ತನು ಮುಟ್ಟಿದ್ದು ಆರೋಗ್ಯವಂತನನ್ನಲ್ಲ, ಕುಷ್ಠರೋಗಿಯನ್ನು. ಗುಣವಾದ ಮೇಲೆ ಅಲ್ಲ, ಗುಣವಾಗುವ ಮೊದಲೇ. ಕುಷ್ಠವು ದೇವರ ಶಾಪವೆಂಬ ಮಾತನ್ನು ನಾರ್ವೆ ದೇಶದ ಹಾನ್ಸೆನ್ ಎಂಬ ವೈದ್ಯನು 1873ರಲ್ಲಿ ಅದರ ರೋಗಾಣುವನ್ನು ಕಂಡು ಸುಳ್ಳಾಗಿಸಿದನು. ಬಹುಪಾಲು ಮನುಷ್ಯರ ಶರೀರವು ಆ ರೋಗಾಣುವನ್ನು ತಾನಾಗಿಯೇ ಎದುರಿಸುತ್ತದೆ. ಔಷಧವನ್ನು ಆರಂಭಿಸಿದವನಿಂದ ಅದು ಬೇಗನೆ ಹರಡದಂತಾಗುತ್ತದೆ. ರೋಗದ ಬಗೆಯನ್ನು ಅನುಸರಿಸಿ 6 ತಿಂಗಳೋ 12 ತಿಂಗಳೋ ಮಾತ್ರೆಗಳನ್ನು ನುಂಗಿದರೆ ಅದು ಗುಣವಾಗುತ್ತದೆ. ಆ ಮಾತ್ರೆಗಳನ್ನು ಸರಕಾರವು ಉಚಿತವಾಗಿ ಕೊಡುತ್ತದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುವಳು.

ಈ ಮುಟ್ಟುವ ಕೈಯ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಮೂರು ತಾಲೂಕುಗಳು 1948ರ ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅದೇ ಸಂಸ್ಥಾನದ ನಿಜಾಮಾಬಾದಿನ ಸಮೀಪದಲ್ಲಿ, ದಿಚ್‌ಪಲ್ಲಿಯೆಂಬ ಸ್ಥಳದಲ್ಲಿ, ಇಸಬೆಲ್ ಕೆರ್ ಎಂಬ ವೈದ್ಯೆಯೂ ಆಕೆಯ ಪತಿಯಾದ ಜಾರ್ಜ್ ಕೆರ್ ಎಂಬ ಬೋಧಕರೂ 1915ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆಯನ್ನು ತೆರೆದರು. ಅದರ ಕಟ್ಟಡಕ್ಕೆ ಧಾರಾಳವಾಗಿ ಹಣಕೊಟ್ಟವರು ನರಸ ಗೌಡರೆಂಬ ಹಿಂದೂ ದಾನಿಗಳು. ಊರ ಹೊರಗೆ ಬಿದ್ದಿದ್ದವರನ್ನು ಅಲ್ಲಿ ಒಳಗೆ ಕರೆದು, ಹುಣ್ಣು ತೊಳೆದು, ಮದ್ದು ಕೊಟ್ಟರು. ಕನಿಕರವು ಒಂದು ಮತದ ಸೊತ್ತಲ್ಲವೆಂದೂ, ಕುಷ್ಠರೋಗಿಯ ಮೈಯನ್ನು ಮುಟ್ಟಿ ಆರೈಕೆಮಾಡಿದವರು ನಮ್ಮ ಅಜ್ಜಂದಿರ ಕಾಲದಲ್ಲಿಯೇ ಇದ್ದರೆಂದೂ ಇದರಿಂದ ತಿಳಿಯಿರಿ. ದೇಶದ ಕಾನೂನು ಸಹ ನಿಧಾನವಾಗಿ ಅದೇ ದಾರಿಗೆ ಬಂದಿದೆ. ಕ್ರೈಸ್ತರ ವಿವಾಹ ವಿಚ್ಛೇದನದ ಕಾನೂನಿನಲ್ಲಿ ಕುಷ್ಠರೋಗವು ಗಂಡಹೆಂಡಿರನ್ನು ಬೇರ್ಪಡಿಸುವ ಕಾರಣಗಳಲ್ಲಿ ಒಂದಾಗಿತ್ತು. 2019ರಲ್ಲಿ ಪಾರ್ಲಿಮೆಂಟು ಅದನ್ನು ತೆಗೆದುಹಾಕಿತು. ಕಾನೂನು ಕೂಡಿಸಿದವರನ್ನು ನಮ್ಮ ಪಿಸುಮಾತು ಅಗಲಿಸಬಹುದೋ?

ಯಾಜಕಕಾಂಡದ 14ನೆಯ ಅಧ್ಯಾಯದ ಆರಂಭದಲ್ಲಿ ಒಂದು ಚಿಕ್ಕ ಮಾತಿದೆ. ಪಾಳೆಯದ ಹೊರಗಿರುವ ರೋಗಿಯು ಗುಣವಾದನೋ ಎಂದು ನೋಡುವದಕ್ಕೆ ಯಾಜಕನೇ ಹೊರಗೆ ಹೋಗಬೇಕೆಂದು ಅಲ್ಲಿ ವಿಧಿಸಿದೆ. ಒಳಗಿದ್ದವನೇ ಎದ್ದು ಹೊರಗಿದ್ದವನ ಬಳಿಗೆ ಹೋಗಬೇಕು. ಆದ್ದರಿಂದ ಹಿರಿಯರೇ, ಬಾಗಿಲ ಹೊರಗೆ ಕೂತ ಸಹೋದರನು ತಾನಾಗಿ ಒಳಗೆ ಬರಲೆಂದು ಕಾಯಬೇಡಿರಿ. ನೀವೇ ಎದ್ದು ಹೋಗಿ ಅವನ ಕೈಹಿಡಿದು ಕರತನ್ನಿರಿ.

ಮೂರನೆಯದಾಗಿ, ರೋಗವು ಮಿದುಳಿಗೆ ಏರಿದಾಗ ಅದನ್ನು ದೆವ್ವವೆನ್ನಬಾರದು.

ಆಳಂದದ ಸೀಮೆಯಲ್ಲಿ ಹುಟ್ಟುವ ಅಮರ್ಜಾ ಹೊಳೆಯನ್ನು ನೀವು ಬಲ್ಲಿರಿ. ಅದು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಆ ನೀರು ಭೀಮೆಯೊಂದಿಗೆ ಜೇವರ್ಗಿಯ ಸೀಮೆಗೆ ಇಳಿಯುತ್ತದೆ. ನಮ್ಮ ಹೊಲಗಳ ಎಷ್ಟೋ ಸಣ್ಣ ಹಳ್ಳಗಳು ಯಾವ ಹೊಳೆಯನ್ನೂ ಮುಟ್ಟದೆ ಮಣ್ಣಿನಲ್ಲಿಯೇ ಇಂಗಿಹೋಗುತ್ತವೆ. ಆದರೆ ಹೊಳೆಯನ್ನು ಕೂಡಿದ ಹಳ್ಳವು ದೂರಕ್ಕೆ ಹೋಗುತ್ತದೆ. ಚರ್ಮದ ಲಿಂಫೋಮಾದ ನಡತೆಯೂ ಹೀಗೆಯೇ. ಹೆಚ್ಚಿನವರಲ್ಲಿ ಅದು ವರ್ಷಾನುಗಟ್ಟಲೆ ಚರ್ಮದಲ್ಲಿಯೇ ಉಳಿಯುತ್ತದೆ. ಕೆಲವರಲ್ಲಿ ಮಚ್ಚೆಯು ದಪ್ಪವಾಗಿ, ಗಡ್ಡೆಯಾಗಿ, ಒಡೆದು ಹುಣ್ಣಾಗುತ್ತದೆ. ಕಂಕುಳಲ್ಲಿಯೂ ತೊಡೆಯ ಸಂದಿಯಲ್ಲಿಯೂ ಗಂಟುಗಳು ಏಳುತ್ತವೆ. ಇನ್ನೂ ಕೆಲವರಲ್ಲಿ ರಕ್ತವನ್ನು ಸೇರಿ ಶ್ವಾಸಕೋಶ, ಪಿತ್ತಜನಕಾಂಗ ಮೊದಲಾದ ಅಂಗಗಳಿಗೆ ಹೋಗುತ್ತದೆ. ಬಹು ಸ್ವಲ್ಪ ಜನರಲ್ಲಿ, ಸಾಮಾನ್ಯವಾಗಿ ರೋಗವು ಬಹಳ ಮುಂದುವರಿದ ಮೇಲೆ, ಅದು ಮಿದುಳನ್ನೂ ಬೆನ್ನುಹುರಿಯನ್ನೂ ಅವುಗಳನ್ನು ಸುತ್ತಿರುವ ಪೊರೆಯನ್ನೂ ಮುಟ್ಟುತ್ತದೆ.

ಆಗ ಏನಾಗುತ್ತದೆ? ಬಿಡದ ತಲೆನೋವು, ವಾಂತಿ, ಒಂದು ವಸ್ತು ಎರಡಾಗಿ ಕಾಣುವದು, ಬಾಯಿ ಒಂದು ಕಡೆಗೆ ವಾಲುವದು, ಕೈಕಾಲು ಸೋಲುವದು, ನಡಿಗೆ ತಪ್ಪುವದು, ಸೆಳೆತ ಬರುವದು. ಇವುಗಳಿಗಿಂತ ಮನೆಯವರನ್ನು ಹೆಚ್ಚಾಗಿ ನೋಯಿಸುವ ಸಂಗತಿ ಮತ್ತೊಂದುಂಟು. ಶಾಂತಸ್ವಭಾವದವನು ಸಿಡುಕುತ್ತಾನೆ, ಹೆಂಡತಿಯ ಗುರುತು ಹಿಡಿಯುವದಿಲ್ಲ, ಇಲ್ಲದವರ ಸಂಗಡ ಮಾತಾಡುತ್ತಾನೆ, ಪ್ರಾರ್ಥನೆಯ ವೇಳೆಯಲ್ಲಿ ಬೈಗುಳವು ಬಾಯಿಂದ ಹೊರಡುತ್ತದೆ. ನಾವು ಕಲ್ಪಿಸಿಕೊಂಡ ಆ ಹಿರಿಯನಿಗೆ ಹೀಗಾಯಿತೆಂದು ತಿಳಿಯಿರಿ. ಊರು ಎರಡನೆಯ ತಪ್ಪು ಹೆಸರನ್ನು ಇಡುವದು ಆಗಲೇ. ಅವನ ಗುಪ್ತಪಾಪವು ಹೊರಬಿತ್ತೆಂದು ಒಬ್ಬನು; ದುರಾತ್ಮ ಹೊಕ್ಕಿತೆಂದು ಇನ್ನೊಬ್ಬನು.

ದೆವ್ವ ಬಡಿಯಿತೆಂದು ಹೇಳಲ್ಪಡುವವರನ್ನು ದೂರ ದೂರದ ಊರುಗಳಿಂದ ಗಾಣಗಾಪುರಕ್ಕೆ ಕರತರುವದನ್ನು ನಾವು ಕಂಡಿದ್ದೇವೆ. ಅವರ ದುಃಖವನ್ನು ನಾವು ಹಾಸ್ಯಮಾಡಬಾರದು. ಯಾಕಂದರೆ ನಮ್ಮವರೂ ಇಂಥ ರೋಗಿಯನ್ನು ಹಗಲಿರುಳು ಉಪವಾಸಕೂಟಗಳಲ್ಲಿ ಕೂಡ್ರಿಸಿ, ತಲೆಯ ಮೇಲೆ ಕೂಗಿ, ದೆವ್ವವನ್ನು ಬೆದರಿಸುವದುಂಟು. ಪ್ರಾರ್ಥನೆಯನ್ನು ಬಿಡಿರೆಂದು ಯಾರು ಹೇಳಿಯಾರು? ಆದರೆ ಅರಸನಾದ ಹಿಜ್ಕೀಯನ ಚರಿತ್ರೆಯನ್ನು ಓದಿರಿ. ಅವನು ಮರಣಕರವಾದ ರೋಗದಲ್ಲಿ ಅತ್ತು ಪ್ರಾರ್ಥಿಸಿದನು, ದೇವರು ಕೇಳಿದನು. ಆದರೂ ಪ್ರವಾದಿಯಾದ ಯೆಶಾಯನು ಅಂಜೂರದ ಹಣ್ಣುಗಳ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಇಡಿಸಿದನು. ಕಣ್ಣೀರನ್ನು ನೋಡಿದ ದೇವರೇ ಅಂಜೂರವನ್ನೂ ಉಪಯೋಗಿಸಿದನು. ಅಪೊಸ್ತಲನಾದ ಪೌಲನು ತನ್ನ ಜೊತೆಗಾರ ಲೂಕನನ್ನು ಪ್ರಿಯವೈದ್ಯನೆಂದು ಕರೆದನು. ಪ್ರಾರ್ಥನೆಗೂ ಮದ್ದಿಗೂ ಹಗೆತನವಿದೆಯೆಂದು ಸತ್ಯವೇದವು ಎಲ್ಲಿಯೂ ಹೇಳುವದಿಲ್ಲ.

ಇಲ್ಲಿಯೂ ತಿರುಗಿ ನೋಡಬೇಕೆಂಬ ಪಾಠವು ಸಲ್ಲುತ್ತದೆ. ಈ ರೋಗವಿರುವವನಿಗೆ ಬಂದ ತಲೆನೋವೆಲ್ಲ ಮಿದುಳಿಗೆ ಏರಿದ ಗುರುತಲ್ಲ. ರೋಗದಿಂದಲೂ ಚಿಕಿತ್ಸೆಯಿಂದಲೂ ಶರೀರದ ಬಲ ಕುಂದಿದಾಗ ಬೇರೆ ಸೋಂಕುಗಳು ಹತ್ತುತ್ತವೆ. ರಕ್ತದ ಉಪ್ಪಿನಂಶ ಕಡಿಮೆಯಾದರೂ ಮತಿ ಕದಡುತ್ತದೆ. ಇವುಗಳಲ್ಲಿ ಅನೇಕವನ್ನು ಬೇಗನೆ ಗುಣಪಡಿಸಬಹುದು. ಆದ್ದರಿಂದ ಮಾತು ತಪ್ಪಿದ ದಿನವೇ ಆಸ್ಪತ್ರೆಗೆ ಕರಕೊಂಡು ಹೋಗಿರಿ. ಮಂತ್ರವಾದಿಯ ಮನೆಯಲ್ಲಿಯಾಗಲಿ ಉಪವಾಸಕೂಟದಲ್ಲಿಯಾಗಲಿ ಒಂದು ವಾರ ಕಳೆದರೆ ಆ ವಾರವು ತಿರುಗಿ ಬರುವದಿಲ್ಲ. ವೈದ್ಯರು ಎಂ.ಆರ್.ಐ. ಯಂತ್ರದಿಂದ ಮಿದುಳಿನ ಚಿತ್ರ ತೆಗೆಯುತ್ತಾರೆ. ಬೆನ್ನೆಲುಬಿನ ಸಂದಿಯಲ್ಲಿ ಸೂಜಿ ಹಾಕಿ, ಮಿದುಳಿನ ಸುತ್ತ ಹರಿಯುವ ನೀರನ್ನು ಸ್ವಲ್ಪ ತೆಗೆದು, ಅದರಲ್ಲಿ ಕೆಟ್ಟ ಕಣಗಳುಂಟೋ ಎಂದು ನೋಡುತ್ತಾರೆ. ದೇವರು ಮಿದುಳಿನ ಸುತ್ತಲೂ ಬೇಲಿಯೊಂದನ್ನು ಕಟ್ಟಿದ್ದಾನೆ; ರಕ್ತದಲ್ಲಿರುವ ಎಲ್ಲ ವಸ್ತುಗಳು ಅದನ್ನು ದಾಟಲಾರವು. ಆ ಬೇಲಿಯು ವಿಷವನ್ನು ತಡೆಯುವಂತೆ ಅನೇಕ ಔಷಧಗಳನ್ನೂ ತಡೆಯುತ್ತದೆ. ಆದ್ದರಿಂದ ಮೆಥೊಟ್ರೆಕ್ಸೇಟ್ ಮುಂತಾದ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಕೊಡುವರು, ಇಲ್ಲವೆ ಬೆನ್ನಿನ ಆ ನೀರಿನೊಳಕ್ಕೇ ಹಾಕುವರು. ಕೆಲವರಿಗೆ ತಲೆಗೆ ವಿಕಿರಣ ಚಿಕಿತ್ಸೆಯನ್ನು ಮಾಡುವರು. ಇದರಿಂದ ಕೆಲವರಿಗೆ ನೋವು ಇಳಿದು ಮಾತು ತಿಳಿಯಾಗುತ್ತದೆ.

ಹಿರಿಯರೇ, ಇನ್ನೊಂದು ಮಾತನ್ನು ವಿಶೇಷವಾಗಿ ಕೇಳಿರಿ. ಅಂಥ ರೋಗಿಯ ಬಾಯಿಂದ ದೂಷಣೆಯ ಮಾತು ಬಂದರೆ ಅದನ್ನು ಸಭೆಯ ಶಿಕ್ಷೆಗೆ ಒಳಪಡಿಸಕೂಡದು. ಜ್ವರದ ಮೈ ನಡುಗಿದರೆ ಪಾಪವೆನ್ನುವದುಂಟೋ? ಹಾಗೆಯೇ ನೊಂದ ಮಿದುಳು ಆಡಿದ ಮಾತು ಪಾಪವಲ್ಲ. ಹುಟ್ಟುಕುರುಡನನ್ನು ಕಂಡು, ಯಾರ ಪಾಪದಿಂದ ಹೀಗಾಯಿತೆಂದು ಶಿಷ್ಯರು ಕೇಳಿದಾಗ, ಅವನ ಪಾಪವೂ ಅಲ್ಲ, ತಂದೆತಾಯಿಗಳ ಪಾಪವೂ ಅಲ್ಲವೆಂದು ಕರ್ತನು ಉತ್ತರಕೊಟ್ಟನು. ಅವನು ಆರೋಗ್ಯದಲ್ಲಿದ್ದ ದಿನಗಳಲ್ಲಿ ಮಾಡಿದ ವಿಶ್ವಾಸದ ಅರಿಕೆಯನ್ನು ದೇವರು ಮರೆತಿಲ್ಲ. ಅವನು ಕರ್ತನನ್ನು ಹಿಡಿದ ಕೈ ಸಡಿಲವಾದರೂ ಕರ್ತನು ಅವನನ್ನು ಹಿಡಿದ ಕೈ ಸಡಿಲವಾಗುವದಿಲ್ಲ.

ನಾಲ್ಕನೆಯದಾಗಿ, ಗುಣವಾಗದಿದ್ದಾಗಲೂ ಬಿಟ್ಟುಹೋಗಬಾರದು.

ಸತ್ಯವನ್ನು ಮರೆಮಾಡುವದು ಬೋಧಕನಿಗೆ ತಕ್ಕದ್ದಲ್ಲ. ಈ ರೋಗವು ಮಿದುಳನ್ನು ಹೊಕ್ಕ ಮೇಲೆ ಚಿಕಿತ್ಸೆಯಾದರೂ ಹೆಚ್ಚಿನವರು ಉಳಿಯುವದು ಕೆಲವು ತಿಂಗಳುಗಳೇ. ಆಗ ಮನೆಯವರಿಗೆ ಸುಳ್ಳು ಭರವಸೆಯನ್ನು ಮಾರುವವರು ಬಾಗಿಲಿಗೆ ಬರುತ್ತಾರೆ. ಹೊಲ ಅಡವಿಟ್ಟು ದೂರದ ಊರಿಗೆ ಹೋದರೆ ಗುಣವಾಗುವದೆಂದು ಒಬ್ಬನು. ಕಾಣಿಕೆ ಕೊಟ್ಟರೆ ಅದ್ಭುತವಾಗುವದೆಂದು ಇನ್ನೊಬ್ಬನು. ಗುಣವಾಗದಿದ್ದರೆ ನಿಮ್ಮ ವಿಶ್ವಾಸವೇ ಕಡಿಮೆಯೆಂದು ಮತ್ತೊಬ್ಬನು. ಪೌಲನು ತನ್ನ ಶರೀರದಲ್ಲಿದ್ದ ಮುಳ್ಳಿನ ವಿಷಯವಾಗಿ ಮೂರು ಸಾರಿ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, ಕೃಪೆ ದೊರೆಯಿತು. ಪೌಲನ ವಿಶ್ವಾಸವು ಕಡಿಮೆಯಾಗಿತ್ತೆಂದು ಹೇಳುವ ಧೈರ್ಯ ಯಾರಿಗುಂಟು?

ಯೋಬನ ಸ್ನೇಹಿತರನ್ನು ನಾವು ಸಾಮಾನ್ಯವಾಗಿ ನಿಂದಿಸುತ್ತೇವೆ. ಆದರೆ ಅವನ ಮೈತುಂಬ ಹುಣ್ಣೆದ್ದಿರುವದನ್ನು ಕಂಡು ಅವರು ಮೊದಲು ಮಾಡಿದ್ದೇನು? ಏಳು ಹಗಲು ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದವುಗಳಲ್ಲಿ ಒಳ್ಳೆಯದು ಅದೇ. ಬಾಯಿ ತೆರೆದು ಕಾರಣ ಹೇಳಲಾರಂಭಿಸಿದಾಗಲೇ ಅವರು ಕೆಟ್ಟರು. ಯಾಜಕನು ತೀರ್ಪುಮಾಡದೆ ಕಾದದ್ದು ಏಳು ದಿನ; ಸ್ನೇಹಿತರು ಮಾತಾಡದೆ ಕೂತದ್ದು ಏಳು ದಿನ. ರೋಗಿಯ ಮುಂದೆ ನಾಲಿಗೆಯನ್ನು ತಡೆಯುವದು ಸಹ ಒಂದು ಸೇವೆ.

ಆ ಕಡೆಯ ದಿನಗಳಲ್ಲಿ ಮಾಡತಕ್ಕ ಕೆಲಸವು ಬಹಳವುಂಟು. ಮಲಗಿದಲ್ಲಿಯೇ ಇರುವವನನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಾಯಿಸಿದರೆ ಬೆನ್ನಿನ ಹುಣ್ಣು ತಪ್ಪುತ್ತದೆ. ಹುಣ್ಣುಗಳನ್ನು ಶುದ್ಧವಾದ ನೀರಿನಿಂದ ತೊಳೆದು ಹಗುರವಾಗಿ ಕಟ್ಟಬೇಕು. ನುಂಗಲಾರದವನಿಗೆ ಬಲವಂತವಾಗಿ ಉಣಿಸದೆ ತುಟಿಯನ್ನು ಒದ್ದೆಮಾಡಬೇಕು. ಸೆಳೆತ ಬಂದರೆ ಬಾಯಲ್ಲಿ ಏನನ್ನೂ ತುರುಕದೆ ಮಗ್ಗಲಿಗೆ ಮಲಗಿಸಬೇಕು. ನೋವಿಗೆ ವೈದ್ಯರು ಮಾರ್ಫಿನ್ ಮಾತ್ರೆ ಕೊಟ್ಟರೆ ಅದನ್ನು ಅಮಲಿನ ಪಾಪವೆಂದು ತಿಳಿದು ತಡೆಯಬೇಡಿರಿ. ನೋವನ್ನು ಇಳಿಸುವದು ಕನಿಕರದ ಕೆಲಸ. ಬೆಂಗಳೂರಿನ ಕರುಣಾಶ್ರಯವೆಂಬ ಸಂಸ್ಥೆಯಲ್ಲಿ ಗುಣವಾಗದ ಕ್ಯಾನ್ಸರಿನವರನ್ನು ಹಣ ತೆಗೆದುಕೊಳ್ಳದೆ ಕಡೆಯ ವರೆಗೂ ನೋಡಿಕೊಳ್ಳುತ್ತಾರೆ. ಗುಣಪಡಿಸಲಾಗದಿದ್ದರೂ ಉಪಚರಿಸಲು ಸಾಧ್ಯವೆಂಬದನ್ನು ಅಂಥವರಿಂದ ಕಲಿಯೋಣ. ಮನೆಯ ಹೆಂಗಸರು ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಕೂಲಿಗೆ ಹೋಗುತ್ತಾರೆ. ಸಭೆಯ ಸಹೋದರಿಯರು ಸರದಿಯಿಂದ ಒಂದೊಂದು ರಾತ್ರಿ ಕೂತರೆ, ಒಂದು ಹೊತ್ತು ನಾಲ್ಕು ರೊಟ್ಟಿ ತಟ್ಟಿ ಕಳುಹಿಸಿದರೆ, ಸಹೋದರರು ಒಂದು ದಿನ ಅವರ ಹೊಲದ ಕಳೆ ತೆಗೆದರೆ, ಅದು ಹತ್ತು ಪ್ರಸಂಗಗಳಿಗಿಂತ ಗಟ್ಟಿಯಾದ ಪ್ರಸಂಗ. ಮನೆಯ ಮಗಳ ಮದುವೆಯ ಮಾತು ಬಂದಾಗ, ಈ ರೋಗವು ಅಂಟುವದಲ್ಲ, ಸಾಮಾನ್ಯವಾಗಿ ತಂದೆಯಿಂದ ಮಕ್ಕಳಿಗೆ ಇಳಿಯುವದೂ ಅಲ್ಲವೆಂದು ಬೀಗರ ಮುಂದೆ ಧೈರ್ಯವಾಗಿ ಸಾಕ್ಷಿ ಹೇಳುವ ಒಬ್ಬ ಹಿರಿಯನಾದರೂ ಪ್ರತಿ ಸಭೆಯಲ್ಲಿರಬೇಕು.

ಹೀಗಿರಲಾಗಿ ಪ್ರಿಯರೇ, ಈ ತಿಂಗಳು ಮೂರು ಕೆಲಸಗಳನ್ನು ಮಾಡಿರಿ. ನಿಮ್ಮ ಮನೆಯಲ್ಲಿ ಬಹುದಿನದಿಂದ ಮಾಯದ ಮಚ್ಚೆಯನ್ನು ಬಟ್ಟೆಯ ಮರೆಯಲ್ಲಿ ಬಚ್ಚಿಟ್ಟವರಿದ್ದರೆ, ಅವರನ್ನು ಗದರಿಸದೆ ಆಸ್ಪತ್ರೆಗೆ ಕರಕೊಂಡು ಹೋಗಿರಿ. ನಿಮ್ಮ ಸಭೆಯಲ್ಲಿ ರೋಗದ ಹೆಸರಿನಿಂದ ಹಿಂದಕ್ಕೆ ಸರಿದು ಕೂತವರಿದ್ದರೆ, ಮುಂದಿನ ಭಾನುವಾರ ಅವರ ಪಕ್ಕದಲ್ಲಿ ಕೂತುಕೊಳ್ಳಿರಿ. ನಿಮ್ಮ ಊರಿನಲ್ಲಿ ಮತಿ ಕದಡಿದ ಒಬ್ಬನನ್ನು ದೆವ್ವದ ಹೆಸರಿನಿಂದ ಕಟ್ಟಿಹಾಕಿದ್ದರೆ, ಅವನು ಯಾವ ಮತದವನೆಂದು ಕೇಳದೆ, ಮನೆಯವರ ಸಂಗಡ ಪ್ರೀತಿಯಿಂದ ಮಾತಾಡಿ ವೈದ್ಯರ ದಾರಿಯನ್ನು ತೋರಿಸಿರಿ.

ನಮ್ಮ ವಿಷಯದಲ್ಲಿಯೂ ದೇವರು ಒಂದೇ ಸಾರಿ ನೋಡಿ ತೀರ್ಪುಮಾಡಿದ್ದರೆ ನಮ್ಮಲ್ಲಿ ಯಾರು ನಿಲ್ಲುತ್ತಿದ್ದರು? ಆತನು ತಿರುಗಿ ನೋಡಿದನು. ತಾನೇ ಪಾಳೆಯದ ಹೊರಗೆ ಬಂದನು. ಅಶುದ್ಧರಾದ ನಮ್ಮನ್ನು ಮುಟ್ಟಿದನು. ಆ ಕಣ್ಣನ್ನೂ ಆ ಕೈಯನ್ನೂ ಭೀಮಾ ಅಮರ್ಜಾ ತೀರಗಳಲ್ಲಿರುವ ಆತನ ಸಭೆಗಳಿಗೆ ದಯಪಾಲಿಸಲಿ. ರೋಗದಲ್ಲಿರುವವರಿಗೆ ಸಮಾಧಾನವನ್ನೂ, ಅವರನ್ನು ನೋಡಿಕೊಳ್ಳುವವರಿಗೆ ಬಲವನ್ನೂ, ಪರೀಕ್ಷಿಸುವ ವೈದ್ಯರಿಗೆ ತಾಳ್ಮೆಯನ್ನೂ ಆತನು ಅನುಗ್ರಹಿಸಲಿ. ಆಮೆನ್.